ಚಾಸಿಯ ತೂತಿನೊಳಗಿನ ಬಟ್ಟೆ

ವೆಲ್ಡರ್ ಮಾವ ತನ್ನ ನೆರಳನ್ನೂ ನಂಬದ ಆಸಾಮಿ. ಹಳೇ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಅಂದರೆ ಚಾಸಿಗೆ, ಹೊಸ ಕಪ್ಪು ಬಣ್ಣ ಕಂಡರಂತೂ ತುಕ್ಕು ಮುಚ್ಚಿದ್ದಾರೆಂದು ಮೈ ಉರಿಯುತ್ತಿತ್ತು. ಅಳಿಯ ಹಳೇ ಪಿಕಪ್ ಕೊಂಡು ತಂದ ದಿನ ಮಾವ ಸುತ್ತಿಗೆ ಹಿಡಿದು ಅದರಡಿ ತೂರಿಕೊಂಡ. ಟಣ್ ಟಣ್ ಎನ್ನುತ್ತಿದ್ದ ಚಾಸಿ ಹಿಂದಿನ ಚಕ್ರದ ಹತ್ತಿರ ಬೊದ್ ಎಂದಿತು. ಇನ್ನೊಂದು ಏಟಿಗೆ ತುಕ್ಕು ಉದುರಿ ಅಂಗೈಯಗಲದ ತೂತು ಬಿತ್ತು.

"ನೋಡೋ, ತೂತಿಗೆ ಬಟ್ಟೆ ತುರುಕಿ ಬಣ್ಣ ಬಳಿದಿದ್ದಾನೆ ಕಳ್ಳ! ಅವನ ಕೈ ಸೇದ್ಹೋಗ!" ಎಂದು ಬಟ್ಟೆಯನ್ನು ಹೊರಗೆಸೆದ.

ಟೀ ತಂದಿದ್ದ ಮಾವನ ಹೆಂಡತಿ ಅದನ್ನೆತ್ತಿ ಕೊಡವಿದಳು. "ರೀ, ಇದು ನಿಮ್ಮ ಹಳೇ ಅಂಗಿ ತೋಳು. ಈ ಹೊಲಿಗೆ ನಾನೇ ಹಾಕಿದ್ದು. ನೀವು ಹಿಂದೆ ಮಾರಿದ ನಮ್ಮ ಹಳೇ ಗಾಡೀನೇ ಬಣ್ಣ ಬದಲಾಯಿಸ್ಕೊಂಡು ಮನೆಗೆ ಬಂದಿದೆ!"

ಗಾಡಿಯಡಿಯಿಂದ ಸಣ್ಣ ದನಿ ಬಂತು:

"ನಿನ್ನ ಹೊಲಿಗೇನೇ ಅನ್ನೋಕೆ ಏನು ಗ್ಯಾರಂಟಿ?"