ಹಳೇ ನೀರು ಚೆಲ್ಲಿದ ದಿನ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಮೊದಲು ಚಹಾ ಕುಡಿಯೋಣ ಎಂದು ಎದ್ದು ಹೋಗಿದ್ದೇನೆ. ಇವತ್ತು ಚಹಾ ಕುಡಿದೇ ಕೂತಿದ್ದೇನೆ. ನೆಪ ಉಳಿದಿಲ್ಲ.

ದಾವಣಗೆರೆಯ ವಿದ್ಯಾನಗರದ ಕಾಲೇಜೊಂದರ ಲ್ಯಾಬಿನಲ್ಲಿ ನಾನು ಅಟೆಂಡರ್ ಆಗಿದ್ದೆ. ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ವಿಜ್ಞಾನ ಪ್ರದರ್ಶನಕ್ಕೆಂದು ಪ್ರಯೋಗ ಹೂಡಿದ್ದಳು. ಗಗನಯಾತ್ರಿಗಳು ತಿಂಗಳುಗಟ್ಟಲೆ ತುಂಬಿಟ್ಟ ನೀರನ್ನೇ ಕುಡಿಯಬೇಕಾಗುತ್ತದೆ. ಅದರಲ್ಲಿ ಕ್ರಿಮಿ ಬೆಳೆಯದಂತೆ ತುಸು ಬೆಳ್ಳಿಯ ಅಂಶ ಸೇರಿಸುತ್ತಾರಂತೆ. ಇವಳೂ ಕಾಯಿಸಿ ಆರಿಸಿದ ನೀರಿಗೆ ಅದನ್ನು ಸೇರಿಸಿ, ಸ್ಟೀಲ್ ಕ್ಯಾನಿನಲ್ಲಿ ಮುಚ್ಚಿಟ್ಟಳು. ಎರಡು ತಿಂಗಳು ಕೆಡದೆ ಉಳಿದರೆ ಪ್ರದರ್ಶನಕ್ಕೆ ಹೋಗುವವಳು ಅವಳೇ.

"ಕಾಕಾ, ಇದು ಆಕಾಶಕ್ಕೆ ಹೋಗೋ ನೀರು."

"ನಮ್ಮನಿಗೇ ನೀರು ಬಂದು ವಾರ ಆತು, ಆಕಾಶಕ್ಕೆ ಹೆಂಗೆ ಹೋಗತೈತವ್ವಾ?" ಅಂದೆ. ನಕ್ಕಳು.

ನಮ್ಮೂರಿನವರ ಚಾಳಿ ಒಂದಿದೆ. ನಲ್ಲಿಯಲ್ಲಿ ಹೊಸ ನೀರು ಬಂತೆಂದರೆ ಹಳೇದನ್ನೆಲ್ಲ ಚೆಲ್ಲಿ, ಪಾತ್ರೆ ತಿಕ್ಕಿ ತುಂಬಿಕೊಳ್ಳುವುದು. ಪ್ರದರ್ಶನ ಹತ್ತಿರವಾದಾಗ ಒಂದು ಬೆಳಿಗ್ಗೆ ಕಾಲೇಜಿನ ನಲ್ಲಿ ಸುರಿಯತೊಡಗಿತು. ಕೈ ತಾನಾಗಿ ಓಡಿತು: ಕೊಡ, ಬಕೆಟ್, ಕೊನೆಗೆ ಆ ಕ್ಯಾನೂ. ಎಷ್ಟು ದಿನದ ನೀರಪ್ಪಾ ಎಂದು ಅದನ್ನು ಒಂದು ಕೈ ಜಾಸ್ತಿಯೇ ತಿಕ್ಕಿದೆ. ಹೊಸ ನೀರು ತುಂಬಿ ಮುಚ್ಚಳ ಹಾಕುವಾಗ, ಚೆಲ್ಲಿದ್ದು ಆಕಾಶಕ್ಕೆ ಹೋಗೋ ನೀರೆಂದು ನೆನಪಾಯಿತು. ಹೊಸ ನೀರು ಹಳೇದಕ್ಕಿಂತ ಚೆನ್ನಾಗೇ ಇರುತ್ತದಲ್ಲ ಎಂದು ಸುಮ್ಮನಾದೆ.

ಮರುದಿನ, ಪ್ರದರ್ಶನಕ್ಕೆ ಕಳಿಸುವ ಮುಂಚೆ ಪರೀಕ್ಷಿಸಲೆಂದು, ಲ್ಯಾಬಿನ ಮೇಷ್ಟ್ರು ಆ ನೀರಿಗೆ ಕ್ಲೋರಿನ್ ನೋಡುವ ಹನಿ ಬಿಟ್ಟರು. ಹಳದಿಯಾಯಿತು. ಕಾಯಿಸಿಟ್ಟ ನೀರಿನಲ್ಲಿ ಕ್ಲೋರಿನ್ ಉಳಿಯುವುದಿಲ್ಲ. ಇದು ನಲ್ಲಿಯ ನೀರೇ.

"ನಿನ್ನೆ ತುಂಬಿ, ಎರಡು ತಿಂಗಳದ್ದು ಅಂತೀಯೇನಮ್ಮಾ?"

"ಇಲ್ರಿ ಸರ್, ನಾನು ಮುಟ್ಟೇ ಇಲ್ರಿ."

ಮೇಷ್ಟ್ರು ನನ್ನ ಕಡೆ ತಿರುಗಿದರು. "ನೀವೇನಾದ್ರೂ ಮುಟ್ಟಿದ್ರೇನು?"

"ನಾನ್ಯಾಕ ಮುಟ್ಟಲಿ ಸರ್?"

"ಕಾಕಾನ ಯಾಕ ಕೇಳ್ತೀರಿ ಸರ್?" ಎಂದು ಅವಳೇ ನಡುವೆ ಬಂದಳು. "ಇಷ್ಟು ದಿನ ಕ್ಯಾನ್ ಕಾಯ್ದಿದ್ದೇ ಅವ್ರು."

ಆಗಲೂ ನಾನು ಬಾಯಿ ಬಿಡಲಿಲ್ಲ. ಮೋಸ ಮಾಡಿದಳೆಂದು ಅವಳನ್ನು ಪ್ರದರ್ಶನದಿಂದ ಕೈಬಿಟ್ಟರು.

ನಿವೃತ್ತಿಯ ದಿನ ಮೇಷ್ಟ್ರಿಗೆ ಎಲ್ಲ ಹೇಳಿ ಕೈಮುಗಿದೆ. "ಹೋಗ್ಲಿ ಬಿಡ್ರಿ" ಎಂದು ಬೆನ್ನು ತಟ್ಟಿದರು. ಬಿಡಬೇಕಾದವರು ಅವರಲ್ಲ. ತಪ್ಪಾಯಿತು ಎಂದು ನಾನು ಹೇಳದೇ ಉಳಿದದ್ದು ಒಬ್ಬಳಿಗೆ: ನನ್ನ ಪರವಾಗಿ ಮಾತಾಡಿದ, ಹರಿಹರದ ಆ ಹುಡುಗಿಗೆ.