ಎಂಟು ಹನ್ನೆರಡರ ವ್ಯಾನು

ಸೇಸಪ್ಪ ಸತ್ತ ಮೇಲೆ ಜಲಜಾಕ್ಷಿ ವ್ಯಾನು ಹತ್ತಿರಲಿಲ್ಲ.

ಊರಿಗೆ ಹೆಣ ಕೊಂಡುಹೋಗಿ, ಉತ್ತರಕ್ರಿಯೆಯ ಬೊಜ್ಜ ಮುಗಿಸಿ, ತಿರುಗಿ ಅಬುಧಾಬಿಗೆ ಬಂದು ಮೂರು ವಾರವಾಗಿತ್ತು. ಮುಸಫ್ಫಾ ಶಾಬಿಯಾದ ಆ ಒಂದೇ ಕೋಣೆಯಲ್ಲಿ ಅವನ ಶರ್ಟು ಬಾಗಿಲ ಹಿಂದಿನ ಮೊಳೆಯಲ್ಲೇ ಇತ್ತು. ಅವಳು ತೆಗೆಯಲಿಲ್ಲ, ತೊಳೆಯಲೂ ಇಲ್ಲ. ದುಬೈಯ ಅಲ್ ನಹ್ದಾದಲ್ಲಿರುವ ಮಗಳು ಅಶ್ಮಿತಾ ದಿನಾ ಫೋನ್ ಮಾಡುತ್ತಿದ್ದಳು. "ಅಮ್ಮ, ಜಸ್ಟ್ ಕಮ್ ಹಿಯರ್. ಇನ್ನು ಎಂತಕ್ಕೆ ಕೆಲಸ?" ಮ್ಯಾನೇಜರ್ ತಿಂಗಳ ಕೊನೆಯವರೆಗೆ ರಜೆ ಕೊಟ್ಟಿದ್ದರು. ಆಮೇಲೆ ಕೆಲಸಕ್ಕೆ ಬರಬೇಕು, ಇಲ್ಲವಾದರೆ ವೀಸಾ ಕ್ಯಾನ್ಸಲ್. ಇನ್ನು ನಾಲ್ಕು ದಿನ ಉಳಿದಿತ್ತು. ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಅವಳ ಕೆಲಸ ವ್ಯಾನಿನಲ್ಲಿ. ಮನಸ್ಸಿನ ಕಾಯಿಲೆಗೆ ಮದ್ದು ಮಾಡಿಸಿಕೊಂಡವರು ಮತ್ತೆ ನಾಲ್ಕು ಜನರ ನಡುವೆ ಕೂರಲು, ಕೆಲಸ ಮಾಡಲು ಕಲಿಯುವ ಒಂದು ಕೇಂದ್ರ. ಬೆಳಿಗ್ಗೆ ಅವರನ್ನು ಮನೆಯ ಕೆಳಗಿನಿಂದ ಹತ್ತಿಸಿಕೊಳ್ಳಬೇಕು, ಸಂಜೆ ಇಳಿಸಬೇಕು. ಸೇಸಪ್ಪ ಡ್ರೈವರ್. ಹೆಂಗಸರೂ ಬರುವ ವ್ಯಾನು, ಜೊತೆಗೊಬ್ಬಳು ಹೆಂಗಸು ಇರಲಿ ಎಂದು ಜಲಜಾಕ್ಷಿಯನ್ನು ಇಟ್ಟುಕೊಂಡರು. ಒಂಬತ್ತು ವರ್ಷ ಗಂಡ ಮುಂದಿನ ಸೀಟಿನಲ್ಲಿ, ಹೆಂಡತಿ ಬಾಗಿಲ ಬಳಿಯ ಸೀಟಿನಲ್ಲಿ.

"ಊರಲ್ಲಿ ನಾನು ಕಂಡಕ್ಟರ್, ಇಲ್ಲಿ ನೀನು. ಲೆಕ್ಕ ಚುಕ್ತಾ" ಎಂದು ಸೇಸಪ್ಪ ನಗಾಡುತ್ತಿದ್ದ.

ಊರಲ್ಲಿ ಅವನದು ಕಾರ್ಕಳ-ಪಡುಬಿದ್ರಿ ರೂಟು. ಆ ಕಡೆಯ ಸರ್ವಿಸ್ ಬಸ್ಸಿಗೆ ಗಂಟೆ ಎಂಬುದಿಲ್ಲ, ನಿಮಿಷವೇ ಎಲ್ಲ. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವ ಕಾಲರ್ ಹಿಡಿಯಲು ಬರುತ್ತಾನೆ. ಜಲಜಾಕ್ಷಿ ಆಗ ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟುವ ಹುಡುಗಿ. ಒಂದು ಶನಿವಾರ ಬೆಳ್ಮಣ್ಣಿನಲ್ಲಿ ಬೀಡಿಯ ಬುಟ್ಟಿ ಹಿಡಿದು ಬಸ್ಸಿಗೆ ಓಡಿ ಬರುತ್ತಿದ್ದಳು. ಸೇಸಪ್ಪ ಫುಟ್‌ಬೋರ್ಡಿನಲ್ಲಿ ನಿಂತು ಅವಳನ್ನು ನೋಡಿದ. ನೋಡಿಯೇ ಸೀಟಿ ಊದಿದ. "ರೈಟ್, ಪೋಯಿ!" ಹೋಗುವಾ ಎಂದದ್ದೇ ಬಸ್ಸು ಹೋಯಿತು.

ಮುಂದಿನ ವಾರ ಅವಳು ಬಸ್ಸಿಡೀ ಕೇಳುವಂತೆ ಬೈದಳು. "ನಿಮಗೆ ಕಣ್ಣು ಕಾಣುವುದಿಲ್ವಾ?"

"ಕಾಣ್ತದೆ ಮಾರಾಯ್ತಿ. ಟೈಮೂ ಕಾಣ್ತದೆ."

ಆ ಜಗಳ ಮದುವೆಯವರೆಗೆ ಹೋಯಿತು.

ಅದೇ ಹಠ ಅವನು ಗಲ್ಫಿಗೂ ತಂದ. ಏಳು ಇಪ್ಪತ್ತು ಎಂದರೆ ಏಳು ಇಪ್ಪತ್ತು. ಹಾರ್ನ್ ಹೊಡೆಯುತ್ತಿರಲಿಲ್ಲ, ಫೋನ್ ಮಾಡಿ "ಬನ್ನಿ ಬನ್ನಿ" ಎನ್ನುತ್ತಿರಲಿಲ್ಲ. ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ನಿಲ್ಲುವುದು, ಅಷ್ಟೇ.

"ಬರ್ತೇನೆ ಅಂದವ ಬರಲಿಲ್ಲ ಅಂತಾದ್ರೆ ನಮಗೆ ಸಿಟ್ಟು ಬರ್ತದೆ. ಇವರಿಗೆ ಸಿಟ್ಟು ಬರುವುದಿಲ್ಲ ಜಲಜಾ. ನಾನೇ ಯಾರಿಗೂ ಬೇಡ ಅಂತ ಇವರಿಗೆ ಕಾಣ್ತದೆ" ಎನ್ನುತ್ತಿದ್ದ. ಇದನ್ನು ಅವನಿಗೆ ಯಾವ ಡಾಕ್ಟರೂ ಹೇಳಿಕೊಟ್ಟದ್ದಲ್ಲ.

ಇಷ್ಟು ಗೊತ್ತಿದ್ದವನೂ ಒಮ್ಮೆ ತಪ್ಪಿದ. ನೆಲ್ಸನ್ ವಿಷಯದಲ್ಲಿ.

ನೆಲ್ಸನ್ ಶಿರ್ವದ ಕಡೆಯವ, ದೊಡ್ಡ ಹೋಟೆಲಿನಲ್ಲಿ ಅಡಿಗೆಯವನಾಗಿದ್ದ. ಒಂದು ದಿನ ಕಿಚನಿನಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಕೈ ನಿಂತುಹೋಯಿತು. ಮತ್ತೆ ಏಳಲಿಲ್ಲ. ಆಸ್ಪತ್ರೆ, ಮಾತ್ರೆ, ಹಾಸಿಗೆ. ನರ್ಸ್ ಆಗಿದ್ದ ತಂಗಿ ಮೆಲಿಸ್ಸಾ ಅವನನ್ನು ಖಾಲಿದಿಯಾದ ತನ್ನ ಫ್ಲ್ಯಾಟಿಗೆ ಕರೆತಂದು ಕೇಂದ್ರಕ್ಕೆ ಹೆಸರು ಬರೆಸಿದಳು. ವ್ಯಾನು ಎಂಟು ಹತ್ತಕ್ಕೆ ಕೆಳಗೆ ನಿಲ್ಲುತ್ತಿತ್ತು. ಮೂರನೇ ಮಹಡಿಯ ಪರದೆ ಚೂರು ಅಲ್ಲಾಡುತ್ತಿತ್ತು. ಯಾರೂ ಇಳಿಯುತ್ತಿರಲಿಲ್ಲ. ಹದಿನೆಂಟು ದಿನ ಹೀಗೇ ಹೋಯಿತು.

ಹತ್ತೊಂಬತ್ತನೇ ದಿನ ರಸ್ತೆ ಖಾಲಿ ಇತ್ತು. ಬೇಗ ತಲುಪಿದರು. ಎಂಟು ಗಂಟೆ ಎಂಟು ನಿಮಿಷಕ್ಕೆ ಸೇಸಪ್ಪನೊಳಗಿನ ಹಳೆಯ ಬಸ್ಸಿನವ ಎದ್ದ. ಜನ ಇಲ್ಲದ ಸ್ಟಾಪಿನಲ್ಲಿ ಬಸ್ಸಿನವ ನಿಲ್ಲುವುದಿಲ್ಲ, ಎಳೆದುಬಿಡುತ್ತಾನೆ.

"ಖಾಲಿ ಸ್ಟಾಪು. ಹೋಗುವಾ?"

"ರೈಟ್" ಎಂದಳು ಜಲಜಾಕ್ಷಿ. ಆ ಮಾತು ಅವಳ ಬಾಯಿಂದಲೇ ಬಂದದ್ದು.

ಸಿಗ್ನಲಿನಲ್ಲಿ ಅವಳು ಹಿಂದಿನ ಗಾಜಿನಿಂದ ನೋಡಿದಳು. ಫುಟ್‌ಪಾತಿನಲ್ಲಿ ಒಬ್ಬ ನಿಂತಿದ್ದ. ತಲೆ ಬಾಚಿದ್ದ, ಶೂ ಹಾಕಿದ್ದ, ಕೈಯಲ್ಲಿ ನೀರಿನ ಬಾಟಲಿ ಇತ್ತು.

"ಅಯ್ಯೋ, ನಿಲ್ಲಿಸಿ! ಅವ ಇಳಿದಿದ್ದಾನೆ!"

ಯೂಟರ್ನ್ ದೂರ. ಸುತ್ತಿ ಬರುವಾಗ ಫುಟ್‌ಪಾತ್ ಖಾಲಿಯಾಗಿತ್ತು. ವ್ಯಾನಿನಲ್ಲಿದ್ದವರ ಜೊತೆ ಜಲಜಾಕ್ಷಿ ಉಳಿದಳು, ಸೇಸಪ್ಪ ಮೇಲೆ ಹೋದ. ಬಾಗಿಲು ತೆರೆಯಲಿಲ್ಲ. ಅವನು ಹೊರಗೆ ನಿಂತೇ ಮಾತಾಡಿದ. ಏನು ಹೇಳಿದೆ ಎಂದು ಆ ಸಂಜೆ ಅವಳಿಗೆ ಒಪ್ಪಿಸಿದ:

"ನೆಲ್ಸನ್, ನಾನು ಸೇಸಪ್ಪ. ಎಂಟು ಹತ್ತು ಅಂತ ಹೇಳಿದ್ದು ನಾನು. ಎರಡು ನಿಮಿಷ ಮೊದಲೇ ಬಿಟ್ಟದ್ದೂ ನಾನು. ಟ್ರಾಫಿಕ್ ಅಲ್ಲ, ಆಫೀಸಿನವರಲ್ಲ. ತಪ್ಪು ನನ್ನದು. ನಾಳೆ ಎಂಟು ಹನ್ನೆರಡರವರೆಗೆ ನಿಲ್ತೇನೆ."

"ರೈಟ್ ಅಂದದ್ದು ನಾನಲ್ವಾ?" ಎಂದಳು ಜಲಜಾಕ್ಷಿ.

"ಸ್ಟೇರಿಂಗ್ ನನ್ನ ಕೈಯಲ್ಲಿತ್ತು" ಎಂದ. ಆ ದಿನ ಅವನು ಊಟ ಮಾಡಲಿಲ್ಲ.

ಅದು ಜುಲೈ ತಿಂಗಳು. ಬೆಳಿಗ್ಗೆ ಎಂಟಕ್ಕೇ ಮೈ ಬೇಯುವ ಬಿಸಿಲು. ಅವನು ಎ.ಸಿ. ಬಿಟ್ಟು ಇಳಿದು, ಮೂರನೇ ಮಹಡಿಗೆ ಕಾಣುವಂತೆ ವ್ಯಾನಿನ ಪಕ್ಕ ನಿಲ್ಲುತ್ತಿದ್ದ. ವಾಚ್‌ಮ್ಯಾನ್ ಗೇಲಿ ಮಾಡುತ್ತಿದ್ದ, "ಭಾಯಿ, ಇಲ್ಲಿ ಖರ್ಜೂರದ ಮರ ಸಾಕಷ್ಟು ಉಂಟು, ನೀನೂ ಬೇರು ಬಿಡಬೇಡ." ಎಂಟು ಹನ್ನೆರಡಾದ ಮೇಲೆಯೇ ಅವನು ವ್ಯಾನು ಹತ್ತುತ್ತಿದ್ದ.

ಹನ್ನೊಂದನೇ ದಿನ ನೆಲ್ಸನ್ ಇಳಿದ. ಗೇಟಿನೊಳಗೆ ನಿಂತು ಫೋನಿನಲ್ಲಿ ಗಂಟೆ ನೋಡಿದ. ಬೇಕೆಂದೇ ಎಂಟು ಹನ್ನೆರಡಾಗುವವರೆಗೆ ನಿಂತ. ಆಮೇಲೆ ಬಂದ.

"ಸೇಸಪ್ಪಣ್ಣ, ಈಗ ನಿಮ್ಮ ವಾಚು ಸರಿಯಾಯ್ತಾ?"

"ವಾಚು ಸರಿಯೇ ಇತ್ತು. ಕಟ್ಟಿಕೊಂಡವನೇ ಸರಿ ಇರಲಿಲ್ಲ. ಹತ್ತು ಮಾರಾಯ."

ಜಲಜಾಕ್ಷಿ ಬಾಗಿಲು ಹಿಡಿದು ಅವನನ್ನೇ ನೋಡುತ್ತಿದ್ದಳು. ವ್ಯಾನು ಹೊರಡಲಿಲ್ಲ.

"ಎಂತ ಅಕ್ಕ, ರೈಟ್ ಹೇಳ್ಲಿಕ್ಕಿಲ್ವಾ?" ಎಂದ ನೆಲ್ಸನ್.

ಅಲ್ಲಿಂದ ಅವನು ಪೂರಾ ಗುಣವಾದ ಎಂದರೆ ಸುಳ್ಳು. ಮೊದಲ ತಿಂಗಳು ಕೇಂದ್ರದ ಅಡಿಗೆಮನೆಯಲ್ಲಿ ಬರೇ ಬೆಳ್ಳುಳ್ಳಿ ಸುಲಿದ. ಚೂರಿ ಹಿಡಿಯಲು ಚಳಿಗಾಲ ಬರಬೇಕಾಯಿತು. ಮರುವರ್ಷ ಮತ್ತೆ ಕಾಯಿಲೆ ಬಿದ್ದ, ಏಳು ವಾರ ಆಸ್ಪತ್ರೆಯಲ್ಲಿದ್ದ. ಆ ಏಳು ವಾರವೂ ಸೇಸಪ್ಪ ಖಾಲಿದಿಯಾದ ಆ ಕಟ್ಟಡದ ಕೆಳಗೆ ವ್ಯಾನು ನಿಲ್ಲಿಸಿದ.

"ಅವ ಆಸ್ಪತ್ರೆಯಲ್ಲಿದ್ದಾನೆ. ಯಾರಿಗೆ ನಿಲ್ಲಿಸುವುದು ನೀವು?"

"ಮೆಲಿಸ್ಸಾ ನೋಡ್ಲಿ. ನಿನ್ನ ಸ್ಟಾಪು ಕ್ಯಾನ್ಸಲ್ ಆಗಲಿಲ್ಲ ಅಂತ ಅವನಿಗೆ ಹೇಳ್ತಾಳೆ."

ಅವಳು ಹೇಳಿದಳಂತೆ. ನೆಲ್ಸನ್ ಬಂದ. ಆಮೇಲೆ ಅದೇ ಕೇಂದ್ರದಲ್ಲಿ ಅವನಿಗೆ ಕೆಲಸ ಸಿಕ್ಕಿತು. ಬಂದವರಿಗೆ ಅಡಿಗೆ ಕಲಿಸುವುದು, ತನಗೆ ಆದದ್ದನ್ನು ಮುಚ್ಚಿಡದೆ ಹೇಳುವುದು. ಅವನ ಕೋರಿ ರೊಟ್ಟಿಗೆ ಸೇಸಪ್ಪ ಉಪ್ಪು ಕಮ್ಮಿ ಎನ್ನುವುದು, ಮೂರು ಸಲ ಬಡಿಸಿಕೊಳ್ಳುವುದು. ಎಷ್ಟು ಒಳ್ಳೆಯ ದಿನಗಳು. ಆಗ ಗೊತ್ತಿರಲಿಲ್ಲ.

ಈಗ ವ್ಯಾನು ಓಡಿಸುವವ ವಿಕ್ಟರ್, ಗೋವಾದವ. ಜಲಜಾಕ್ಷಿಯ ಸೀಟಿನಲ್ಲಿ ಸದ್ಯಕ್ಕೆ ನೆಲ್ಸನ್. ದಿನಾ ಏಳು ಇಪ್ಪತ್ತಕ್ಕೆ ಅವಳ ಕಟ್ಟಡದ ಕೆಳಗೆ ವ್ಯಾನು ಬರುತ್ತಿತ್ತು. ನೆಲ್ಸನ್ ಇಳಿದು ಪಕ್ಕದಲ್ಲಿ ನಿಲ್ಲುತ್ತಿದ್ದ. ಮೇಲೆ ಬರಲಿಲ್ಲ, ಬೆಲ್ ಒತ್ತಲಿಲ್ಲ. ಏಳು ಇಪ್ಪತ್ತೆರಡಕ್ಕೆ ವ್ಯಾನು ಹೋಗುತ್ತಿತ್ತು. ಅವಳು ಕಿಟಕಿಯಿಂದ ನೋಡಿ ಮತ್ತೆ ಮಲಗುತ್ತಿದ್ದಳು. ಸಂಜೆ ಅವನು ವಾಟ್ಸಾಪಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದ. ಅವಳ ಬಗ್ಗೆ ಒಂದು ಮಾತೂ ಕೇಳುತ್ತಿರಲಿಲ್ಲ. ಖಾಲಿದಿಯಾದ ತೃಷಾ ಎಂಬ ಹೊಸ ಹುಡುಗಿಯ ವಿಷಯ ಹೇಳುತ್ತಿದ್ದ. "ಇವತ್ತೂ ಇಳಿಯಲಿಲ್ಲ ಅಕ್ಕ." "ಇವತ್ತು ಪರದೆ ಅಲ್ಲಾಡಿತು ಅಕ್ಕ." ನಿನ್ನೆ ಹೇಳಿದ್ದ, "ಲಿಫ್ಟಿನವರೆಗೆ ಬಂದಳಂತೆ."

ಇವತ್ತು ಏಳು ಇಪ್ಪತ್ತೆರಡಾದರೂ ವ್ಯಾನು ಹೋಗಲಿಲ್ಲ. ಇಪ್ಪತ್ತೈದಾಯಿತು. ಇಪ್ಪತ್ತೆಂಟಾಯಿತು. ನೆಲ್ಸನ್ ನಿಂತೇ ಇದ್ದ. ತನಗಾಗಿ ನಿಂತಿದ್ದಾನೆ ಎಂದುಕೊಂಡಳು ಜಲಜಾಕ್ಷಿ. ಸಿಟ್ಟು ಬಂತು. ತಿಂಗಳಿನಿಂದ ಅವಳಿಗೆ ಯಾವುದರ ಮೇಲೂ ಸಿಟ್ಟು ಬಂದಿರಲಿಲ್ಲ. ಅಲ್ಲಿ ಆ ಹುಡುಗಿ ಇವತ್ತು ಇಳಿದರೆ? ನೈಟಿಯ ಮೇಲೆ ಬೈರಾಸು ಹೊದ್ದುಕೊಂಡು ಮೆಟ್ಟಿಲಲ್ಲೇ ಓಡಿದಳು.

"ನಿನಗೆ ಬುದ್ಧಿ ಉಂಟಾ ನೆಲ್ಸನ್? ಅಲ್ಲಿ ತೃಷಾ ಬಂದು ನಿಂತರೆ ಎಂತ ಮಾಡ್ತೀ? ನನಗಾಗಿ ಕಾಯ್ಲಿಕ್ಕೆ ಹೇಳಿದ್ದು ಯಾರು?"

"ನಿಮಗಾಗಿ ಎಲ್ಲಿ ಅಕ್ಕ? ಪಂಕ್ಚರ್."

ವ್ಯಾನಿನ ಆ ಬದಿಯಲ್ಲಿ ವಿಕ್ಟರ್ ಕುಕ್ಕರಗಾಲಿನಲ್ಲಿ ಕೂತು ಸ್ಟೆಪ್ನಿ ಟಯರಿನ ನಟ್ಟು ಬಿಗಿಯುತ್ತಿದ್ದ. ಜಲಜಾಕ್ಷಿ ಪೆಚ್ಚಾದಳು. ನೆಲ್ಸನ್ ನಗಲಿಲ್ಲ, ಪುಣ್ಯಕ್ಕೆ.

"ಅವಳಿಗೆ ಹೇಳಿದಿಯಾ?"

"ಏನಂತ? ಹೆದರಿದರೆ? ಹತ್ತು ನಿಮಿಷ ಅಲ್ವಾ, ಬೇಗ ಓಡಿಸಿದರೆ..."

"ಓಡಿಸುವುದಲ್ಲ. ನಿಜ ಹೇಳು. ಟಯರ್ ಹೋಗಿದೆ, ಎಂಟು ಹತ್ತಕ್ಕೆ ಆಗುವುದಿಲ್ಲ, ಎಂಟು ಇಪ್ಪತ್ತೈದಕ್ಕೆ ಬರ್ತೇವೆ, ಮೂವತ್ತರವರೆಗೆ ನಿಲ್ತೇವೆ. ಕೊಡು ಫೋನು, ನಾನೇ ಹೇಳ್ತೇನೆ."

ಹೇಳಿದಳು. ಸ್ವಲ್ಪ ಹೊತ್ತಿಗೆ ವಾಟ್ಸಾಪಿನಲ್ಲಿ ಕೇಳಿಸಿಕೊಂಡ ಗುರುತು ನೀಲಿಯಾಯಿತು.

"ಕೇಳಿದಳು" ಎಂದ ನೆಲ್ಸನ್. ಆಮೇಲೆ ಮೆಲ್ಲಗೆ, "ಅಕ್ಕ, ನಿಲ್ತೇವೆ ಅಂದ್ರಿ. ನಿಲ್ಲುವುದು ಯಾರು?"

ಜಲಜಾಕ್ಷಿ ತನ್ನ ನೈಟಿ ನೋಡಿಕೊಂಡಳು.

"ನಾಲ್ಕು ನಿಮಿಷ. ಸೀರೆ ಉಟ್ಟು ಬರ್ತೇನೆ. ನನ್ನ ಸೀಟಿನಿಂದ ನಿನ್ನ ಚೀಲ ತೆಗಿ."

ಮೇಲೆ ಹೋದಾಗ ಶರ್ಟು ಮೊಳೆಯಲ್ಲಿತ್ತು. ಇರಲಿ ಎಂದುಕೊಂಡಳು. ಬಾಗಿಲು ಹಾಕಿ ಬಂದಳು. ಬಾಗಿಲ ಬಳಿಯ ಸೀಟಿನಲ್ಲಿ ಕೂತಳು. ಮುಂದಿನ ಸೀಟಿನಲ್ಲಿ ಬೇರೆಯವನ ತಲೆ ಕಾಣುತ್ತಿತ್ತು. ಅದನ್ನು ನೋಡಿದಳು. ನೋಡಲೇಬೇಕಿತ್ತು.

"ರೈಟ್" ಎಂದಳು. "ಪೋಯಿ."

ವಿಕ್ಟರ್ ತಿರುಗಿದ. "ಕ್ಯಾ ಬೋಲಾ?"

"ಯಲ್ಲಾ ಭಾಯಿ, ಚಲೋ" ಎಂದ ನೆಲ್ಸನ್. "ಇನ್ನು ದಿನಾ ಇದೇ. ಕಲಿತುಕೋ."