ನಜೀರ್ ಸಾಹೇಬರ ‘ಛಲೋ ಐತ್ರಿ’

ಮೊನ್ನೆ ಭಾನುವಾರ ಕಾರಿನ ಸೀಟು ಒರೆಸುತ್ತಿದ್ದಾಗ ಹೊಲಿಗೆ ಮಷೀನಿನ ಎಣ್ಣೆಯ ವಾಸನೆ ಬಂತು. ಮುಂದಿನ ಎಡಗಡೆ ಸೀಟಿನ ಅಂಚಿನಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಕಲೆ. ಸೋಪು ಹಾಕಿ ತಿಕ್ಕಿದೆ, ಹೋಗಲಿಲ್ಲ. ತಿಕ್ಕುತ್ತ ತಿಕ್ಕುತ್ತ, ಆ ಸೀಟಿನಲ್ಲಿ ಕೂರುವವರ ಎದುರು ನಾನು ಒಂದು ವರ್ಷ ಎಂಥ ಮೂರ್ಖನಾಗಿ ಮೆರೆದೆ ಎಂಬುದು ನೆನಪಾಗಿ ಒಬ್ಬನೇ ನಾಚಿಕೊಂಡೆ. ನಿಮಗೆ ನಾನೇ ಹೇಳಿಬಿಡುತ್ತೇನೆ. ನನ್ನ ಕಾರಿನಲ್ಲೇ ಬರುವ ವಿಮಲಾ ಮೇಡಂ ಬಾಯಿಂದ ಕೇಳುವುದಕ್ಕಿಂತ ಇದೇ ಮೇಲು. ಅವರು ಈ ಕಥೆ ಹೇಳುವಾಗ ನನ್ನ ಧ್ವನಿಯನ್ನೂ ಅಣಕಿಸುತ್ತಾರಂತೆ.

ನಾನು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ವಾಣಿಜ್ಯ ಕಲಿಸುತ್ತೇನೆ. ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ಮದುವೆಯಾಗಲಿಲ್ಲ, ಹೀಗಾಗಿ ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬನೇ. ನಾನು ಚಿಕ್ಕವನಿದ್ದಾಗ ನಮ್ಮ ಓಣಿಯಲ್ಲಿ ಸಂಜೆ ನಡೆದು ಹೋದರೆ ಮೂರು ಮನೆಗಳಿಂದ ಮೂರು ತಂಬೂರಿ ಕೇಳುತ್ತಿದ್ದವು. ಅಂಥ ಓಣಿಯಲ್ಲಿ ಹುಟ್ಟಿದ ತಪ್ಪಿಗೆ ಎಂಟನೆಯ ವರ್ಷಕ್ಕೆ ನನ್ನನ್ನೂ ಹಾರ್ಮೋನಿಯಂ ಪೇಟಿ ಕಲಿಯಲು ಹಾಕಿದರು. ಮೂರು ತಿಂಗಳಾದ ಮೇಲೆ ಮಾಸ್ತರರು ಖುದ್ದಾಗಿ ಮನೆಗೆ ಬಂದು, ಚಹಾ ಕುಡಿದು, ನಮ್ಮ ಅವ್ವನಿಗೆ ಹೇಳಿದರು: “ವೈನಿ, ಹುಡುಗ ಗಣಿತದಾಗ ಭಾಳ ಶಾಣ್ಯಾ ಇದ್ದಾನಂತ ಕೇಳೇನಿ.” ಅಲ್ಲಿಗೆ ನನ್ನ ಸಂಗೀತ ಮುಗಿಯಿತು.

ಆದರೆ ಅಪಮಾನ ಮುಗಿಯುವಂಥದ್ದಲ್ಲ. ಧಾರವಾಡದಲ್ಲಿ ರಾಗದ ಬಗ್ಗೆ ಬಾಯಿ ಬಿಟ್ಟರೆ ತರಕಾರಿ ಕೊಳ್ಳಲು ಬಂದವರೂ ತಿದ್ದುತ್ತಾರೆ. ಹಾಗಾಗಿ ಯಾರೂ ತಿದ್ದಲಾಗದ ಸಂಗೀತವೊಂದನ್ನು ಹುಡುಕಿಕೊಂಡೆ. ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ ನಾಲ್ಕು ಜನ ಗೆಳೆಯರು ಕೂಡಿ ಕೋಣೆಯಲ್ಲೋ ಮಾಳಿಗೆಯ ಮೇಲೋ ಮಾಡಿದ ಹಾಡುಗಳು. ಶಿಲ್ಲಾಂಗಿನ ಒಬ್ಬ ಹುಡುಗಿ ಧ್ವನಿ ಮೊಳಗಲೆಂದು ಬಚ್ಚಲಮನೆಯಲ್ಲಿ ನಿಂತು ಹಾಡಿದ್ದಳು. ಪುಣೆಯ ಇಬ್ಬರು ಲಿಫ್ಟ್ ಕೆಟ್ಟದ್ದರ ಮೇಲೆ ಒಂದು ಹಾಡು ಕಟ್ಟಿದ್ದರು. ಇವುಗಳ ನಡುನಡುವೆ ವಿಚಾರ ಪ್ರಚೋದಕ ಭಾಷಣಗಳು: ಬೇಸರ ಏಕೆ ಬೇಕು, ಮರಗಳು ಹೇಗೆ ನೆನಪಿಟ್ಟುಕೊಳ್ಳುತ್ತವೆ, ಇತ್ಯಾದಿ. ಎರಡು ಹಾಡಿಗೆ ಒಂದು ಭಾಷಣ ಎಂಬ ಪ್ರಮಾಣದಲ್ಲಿ ಜೋಡಿಸಿ ಪೆನ್‌ಡ್ರೈವಿಗೆ ಹಾಕಿ ‘ಮಿಶ್ರಣ ಒಂದು’, ‘ಮಿಶ್ರಣ ಎರಡು’ ಎಂದು ಹೆಸರಿಟ್ಟಿದ್ದೆ. ಮನೆಯಲ್ಲಿ ಎದ್ದಾಗಿನಿಂದ ಮಲಗುವ ತನಕ ಅದೇ. ಕಾರಿನಲ್ಲೂ ಅದೇ.

ಧಾರವಾಡದಿಂದ ಹುಬ್ಬಳ್ಳಿಯ ಕಡೆಗೆ ಕಾರಿನಲ್ಲಿ ನನ್ನ ಜೊತೆ ಇಬ್ಬರು ಬರುತ್ತಿದ್ದರು. ಹಿಂದಿನ ಸೀಟಿನಲ್ಲಿ ವಿಮಲಾ ಮೇಡಂ. ಅವರ ಕಚೇರಿ ಬೈರಿದೇವರಕೊಪ್ಪದಲ್ಲಿ. ಮುಂದೆ, ನನ್ನ ಪಕ್ಕ, ನಜೀರ್ ಸಾಹೇಬರು. ಹುಬ್ಬಳ್ಳಿಯ ಹಳೆಯ ಪೇಟೆಯಲ್ಲಿ ಹೊಲಿಗೆ ಮಷೀನು ರಿಪೇರಿಯ ಅಂಗಡಿ ಅವರದು. ನಮ್ಮ ಅವ್ವನ ಮಷೀನಿಗೆ ಒಮ್ಮೆ ಕಿವಿ ಆನಿಸಿ ಚಕ್ರವನ್ನು ಎರಡು ಸುತ್ತು ತಿರುಗಿಸಿ, ಬಿಚ್ಚದೆಯೇ, ಇಂಥ ಹಲ್ಲು ಸವೆದಿದೆ ಎಂದು ಹೇಳಿದವರು. ಮೊಣಕಾಲು ನೋವಿಗೆ ಅವರು ಬೈಕು ಬಿಟ್ಟಾಗ ನಾನೇ ಒತ್ತಾಯ ಮಾಡಿ ಕಾರಿಗೆ ಕರೆದಿದ್ದೆ. ಅಂದರೆ ಓಡಿಹೋಗಲು ಆಗದ ಇಬ್ಬರು ಶ್ರೋತೃಗಳು, ದಿನಕ್ಕೆ ಎರಡು ಸಲ.

ಮೊದಲ ದಿನವೇ ವಿಮಲಾ ಮೇಡಂ ಕೇಳಿದರು, “ಇದ್ಯಾವ ನಮೂನಿ ಹಾಡ್ರೀ ಸರ್?”

“ಇದಕ್ಕ ಇಂಡಿ ಸಂಗೀತ ಅಂತಾರ್ರಿ.”

“ಇಂಡಿ? ನಮ್ಮ ನಿಂಬಿಹಣ್ಣಿನ ಇಂಡಿನ? ವಿಜಾಪುರದ ಕಡೆ ಹಿಂಗ ಹಾಡ್ತಾರೇನ್ರಿ?”

ಇಂಡಿ ಎಂದರೆ ಇಂಡಿಪೆಂಡೆಂಟ್, ಸ್ವತಂತ್ರ ಎಂದು ವಿವರಿಸಿದೆ. ಮೇಡಂ ಹತ್ತು ನಿಮಿಷ ಕೇಳಿ, ಚೀಲದಿಂದ ಫೋನು ತೆಗೆದು ತಂಗಿಯ ಜೊತೆ ಮೆಂತ್ಯದ ಪಲ್ಯದ ಬಗ್ಗೆ ಮಾತಾಡತೊಡಗಿದರು. ಅವರನ್ನು ನಾನು ಮನಸ್ಸಿನಲ್ಲೇ ಅರಸಿಕರ ಪಟ್ಟಿಗೆ ಸೇರಿಸಿದೆ.

ನಜೀರ್ ಸಾಹೇಬರು ಹಾಗಲ್ಲ. ಪ್ರತಿ ಹಾಡು ಮುಗಿದ ಮೇಲೂ ನಾನು ಅವರ ಕಡೆ ತಿರುಗಿದರೆ, ನಿಧಾನವಾಗಿ ತಲೆ ಆಡಿಸಿ “ಛಲೋ ಐತ್ರಿ ಸರ್” ಎನ್ನುತ್ತಿದ್ದರು. ಭಾಷಣ ಮುಗಿದರೂ “ಛಲೋ ಐತ್ರಿ.” ಒಮ್ಮೆ, ಬೇಸರದ ಭಾಷಣ ಮುಗಿದ ಮೇಲೆ, ಮನುಷ್ಯನಿಗೆ ಬೇಸರ ಬೇಕೇ ಬೇಕು ಅನ್ನುತ್ತಾರಲ್ಲ, ನಿಮಗೇನು ಅನಿಸುತ್ತದೆ ಎಂದು ಕೇಳಿದೆ. ಅವರು ಕಿಟಕಿಯಾಚೆ ನೋಡಿ, “ಹೌದ್ರಿ, ಈ ಸಲ ಇನ್ನೊಂದೆರಡ ಮಳಿ ಆಗಬೇಕಿತ್ತು” ಎಂದರು.

ನಾನು ರೋಮಾಂಚನಗೊಂಡೆ. ಕಾಲೇಜಿಗೆ ಹೋಗಿ ಸ್ಟಾಫ್ ರೂಮಿನಲ್ಲಿ ಆ ಮಾತನ್ನು ಬಿಡಿಸಿ ಬಿಡಿಸಿ ಹೇಳಿದೆ. ಬೇಸರ ಎಂದರೆ ಬೇಸಿಗೆ, ವಿಚಾರ ಎಂದರೆ ಮಳೆ. ಓದಿದವರಿಗೆ ಹೊಳೆಯದ್ದು ಒಬ್ಬ ಕಸುಬುದಾರನಿಗೆ ಹೇಗೆ ಹೊಳೆಯಿತು ನೋಡಿ! ಕನ್ನಡದ ಮಾಸ್ತರರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಹಾಜರಿ ಪುಸ್ತಕ ಎತ್ತಿಕೊಂಡು ಹೊರಟರು. ಅಸೂಯೆ ಎಂದುಕೊಂಡೆ.

ಒಂದು ವರ್ಷ ಹೀಗೆ ನಡೆಯಿತು. ಆಮೇಲೊಂದು ಬೆಳಿಗ್ಗೆ ‘ಮಿಶ್ರಣ ಹದಿನಾಲ್ಕು’ ಹಚ್ಚಿದ್ದೆ. ಭಾಷಣದ ವಿಷಯ, ಕೇಳಿಸಿಕೊಳ್ಳುವ ಕಲೆ. ನಡುವೆ ಭಾಷಣಕಾರ, ಈಗ ಒಂದು ನಿಮಿಷ ಎಲ್ಲರೂ ಸುಮ್ಮನಿರೋಣ ಎಂದು ಸುಮ್ಮನಾದ. ಕಾರಿನಲ್ಲಿ ಸದ್ದಡಗಿತು. ವರ್ಷದಲ್ಲಿ ಮೊದಲ ಸಲ ಸಿಕ್ಕ ಈ ಅವಕಾಶವನ್ನು ವಿಮಲಾ ಮೇಡಂ ಬಿಡಲಿಲ್ಲ. “ನಜೀರ್ ಭಾಯ್, ನಮ್ಮ ಮಷೀನದ ಸೂಜಿ ಮತ್ತ ಮತ್ತ ಮುರಿಯಾಕತ್ತದ. ಯಾಕಿರಬೇಕ್ರಿ?” ಎಂದರು.

ಸಾಹೇಬರು ಸುಮ್ಮನಿದ್ದರು. ಮೇಡಂ ಇನ್ನೊಮ್ಮೆ ಗಟ್ಟಿಯಾಗಿ ಕೇಳಿದರು. ಇಲ್ಲ. ಏನಾಯಿತೆಂದು ನಾನು ಅವರ ಕಡೆ ತಿರುಗಿದೆ. ಅವರು ಕೂಡಲೇ ತಲೆ ಆಡಿಸಿ, “ಛಲೋ ಐತ್ರಿ ಸರ್” ಎಂದರು.

ನಾನು ನಕ್ಕೆ. ಮೇಡಂ ನಗಲಿಲ್ಲ. ಮುಂದೆ ಬಾಗಿ, ಅವರ ಭುಜ ಮುಟ್ಟಿ, ಮುಖ ಕಾಣುವ ಹಾಗೆ ಕೇಳಿದರು: “ಭಾಯ್, ನಿಮಗ ಕಿವಿ ಕೇಳಸವಲ್ದೇನು?”

ಸಾಹೇಬರು ಕಿಟಕಿಯ ಕಡೆ ಮುಖ ತಿರುಗಿಸಿದರು. ನಾನು ನವಲೂರಿನ ಹತ್ತಿರ ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದೆ. ಗಿರಾಕಿ ಬಂದರೆಂದು ಪೇರಲ ಹಣ್ಣಿನ ಬುಟ್ಟಿಯವಳು ಕಿಟಕಿಗೆ ಬಂದಳು. “ತಗೋರ್ರಿ ಯಪ್ಪಾ, ಸಕ್ಕರಿ ಹಂಗ ಅದಾವು.” ಏನು ಮಾಡಬೇಕೆಂದು ತೋಚದೆ ನಾನು ಎರಡು ಕಿಲೋ ಪೇರಲ ಕೊಂಡೆ. ಆ ಹೊತ್ತಿನಲ್ಲಿ ನನ್ನಿಂದಾದ ಸಹಾಯ ಅಷ್ಟೇ.

ಬುಟ್ಟಿಯವಳು ಹೋದ ಮೇಲೆ ಸಾಹೇಬರು ಹೇಳಿದರು. “ಒಂದ ವರ್ಷದ ಮ್ಯಾಲಾತ್ರಿ. ಎದುರಿಗೆ ನಿಂತ ಗಟ್ಟಿಯಾಗಿ ಮಾತಾಡಿದ್ರ ತಿಳೀತೈತಿ. ಉಳದದ್ದೆಲ್ಲಾ ಬರೇ ಗುಂಯ್ ಅಂತೈತ್ರಿ. ಮೊದಲ ಮಷೀನ ತಾನ ಹೇಳತಿತ್ತು, ನನಗ ಇಂಥಲ್ಲಿ ಬ್ಯಾನಿ ಐತಿ ಅಂತ. ಈಗ ಬೆರಳ ಇಟ್ಟ ನೋಡತೇನಿ. ಒಮ್ಮೊಮ್ಮೆ ತಪ್ಪತೈತಿ. ಹೋದ ವಾರ ಒಬ್ಬಾಕಿ ಮೂರನೇ ಸಲ ಅದ ಮಷೀನ ತಂದ್ಲು. ಆಮ್ಯಾಲ ಬ್ಯಾರೆ ಅಂಗಡಿಗೆ ಹೋದ್ಲು.”

“ಮನ್ಯಾಗ ಹೇಳೀರೇನು?” ಮೇಡಂ ಮತ್ತೆ ಮುಂದೆ ಬಾಗಿ ಗಟ್ಟಿಯಾಗಿ ಕೇಳಿದರು.

“ಇಲ್ರಿ. ಕರದ್ರ ಓ ಅನ್ನಂಗಿಲ್ಲ ಅಂತ ಆಕಿ ಸಿಟ್ಟಾಗ್ಯಾಳ. ನಾನ ಮಾತ ಬಿಟ್ಟೇನಿ ಅಂತ ತಿಳಕೊಂಡಾಳ. ಕಿವುಡಗ ಮಷೀನ ಯಾರ ಕೊಡತಾರ್ರಿ? ಹೊರಗ ಗೊತ್ತಾದ್ರ ಅಂಗಡಿ ಮುಚ್ಚಬೇಕಾಕ್ಕತಿ.”

ನಾನು ಕೇಳಬಾರದಿತ್ತು, ಆದರೂ ಅವರತ್ತ ತಿರುಗಿ ಗಟ್ಟಿಯಾಗಿ ಕೇಳಿದೆ: “ಹಂಗಾರ ಇಷ್ಟ ದಿನ ಛಲೋ ಐತಿ ಅಂತಿದ್ರಲ್ಲ, ಸಾಹೇಬ್ರ?”

ಅವರಿಗೆ ನನಗಿಂತ ಹೆಚ್ಚು ಸಂಕೋಚವಾಯಿತು. “ನೀವು ನನ್ನ ಮಾರಿ ನೋಡತಿದ್ರಿ. ಏನರ ಒಂದ ಅನ್ನಬೇಕಲ್ರಿ. ನಿಮಗ ಖುಷಿ ಆಗತಿತ್ತು.”

ಭಾಷಣಕಾರ ಅಷ್ಟರಲ್ಲಿ ಮೌನ ಮುರಿದು, ನಿಮ್ಮ ಪಕ್ಕದಲ್ಲಿ ಕೂತವರ ಮಾತಿಗೆ ಕಿವಿಗೊಡಿ ಎನ್ನುತ್ತಿದ್ದ. ನಾನು ಗುಂಡಿ ಒತ್ತಿ ಅವನನ್ನು ಬಂದ್ ಮಾಡಿದೆ.

ಆ ಶನಿವಾರ ಕಿವಿಯ ಡಾಕ್ಟರರ ಹತ್ತಿರ ಹೋದೆವು. ಗೊತ್ತು ಮಾಡಿದವರು ವಿಮಲಾ ಮೇಡಂ, ಡಾಕ್ಟರಿಗೆ ಎಲ್ಲ ಹೇಳಿದವರೂ ಅವರೇ. ನಾನು ಪೇರಲದ ಚೀಲದಂತೆ ಜೊತೆಗಿದ್ದೆ. ಎರಡೂ ಕಿವಿ ಮಂದವಾಗಿವೆ, ಹಳೆಯದೆಲ್ಲ ಮರಳಿ ಬರುವುದಿಲ್ಲ, ಆದರೆ ಯಂತ್ರ ಹಾಕಿಕೊಂಡರೆ ಬಹಳಷ್ಟು ಕೇಳುತ್ತದೆ ಎಂದರು ಡಾಕ್ಟರು. ಸಾಹೇಬರು ಕೇಳಲೊಲ್ಲರು. ಗಿರಾಕಿಗಳು ನೋಡುತ್ತಾರೆ ಎಂಬ ಒಂದೇ ಹಟ.

“ಚಷ್ಮಾ ಹಾಕ್ಕೊಂಡು ಸೂಜಿಗೆ ದಾರ ಪೋಣಸ್ತೀರಲ್ಲ,” ಎಂದರು ಮೇಡಂ, “ಅದನ್ನ ನೋಡಿ ಯಾರರ ಓಡಿ ಹೋಗ್ಯಾರೇನು?”

ಸಾಹೇಬರು ಯೋಚಿಸಿ, “ಅದೂ ಖರೇ ಐತಿ” ಎಂದರು.

ಕಿವಿಯ ಯಂತ್ರ ಬಂದ ಮರುದಿನ ಅವರು ಕಾರು ಹತ್ತಿದರು. ನಾಚಿಕೆ ಎಂಬುದು ನನಗೆ ತಾತ್ಕಾಲಿಕ ವ್ಯಾಧಿ. ಅಷ್ಟರಲ್ಲಿ ಅದು ವಾಸಿಯಾಗಿತ್ತು. ಮೊದಲ ಸಲ ಕೇಳುವವರಲ್ಲವೇ ಎಂದು, ಇದ್ದಬದ್ದ ಹಾಡುಗಳಲ್ಲಿ ಅತ್ಯುತ್ತಮವಾದದ್ದನ್ನು ಆಯ್ದು ಇಟ್ಟಿದ್ದೆ. ಶಿಲ್ಲಾಂಗಿನ ಹುಡುಗಿ. ಸಾಹೇಬರು ಪೂರ್ತಿ ಕೇಳಿದರು, ಕಣ್ಣು ಮುಚ್ಚಿ. ಮುಗಿದ ಮೇಲೆ ನಾನು ಎಂದಿನಂತೆ ತಿರುಗಿದೆ.

“ಸರ್, ಸಿಟ್ಟ ಮಾಡ್ಕೋಬ್ಯಾಡ್ರಿ. ಪಾಪ, ಈ ಹುಡುಗಿಗೆ ಏನ ತ್ರಾಸ ಆಗೇತ್ರಿ?”

ವಿಮಲಾ ಮೇಡಂ ನಗುತ್ತ ನಗುತ್ತ ಬೈರಿದೇವರಕೊಪ್ಪ ದಾಟಿ ಉಣಕಲ್ಲಿನ ತನಕ ಬಂದುಬಿಟ್ಟರು. ಅಲ್ಲಿಂದ ಆಟೋ ಹಿಡಿದು ಹಿಂದೆ ಹೋಗಬೇಕಾಯಿತು.

ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಸಣ್ಣ ಸದ್ದುಗಳು ಸಾಹೇಬರಿಗೆ ಇನ್ನೂ ಸಿಗುವುದಿಲ್ಲ, ಬೆರಳನ್ನೂ ನಂಬಬೇಕು. ಬೇರೆ ಅಂಗಡಿಗೆ ಹೋದ ಆ ಹೆಂಗಸು ಮರಳಿ ಬರಲಿಲ್ಲ. ಉಳಿದವರು ಬರುತ್ತಾರೆ. ಮನೆಯಲ್ಲಿ, ಮೊದಲ ಸಂಜೆ, ಅವರ ಹೆಂಡತಿ ಹಸೀನಾ ಅಡುಗೆಮನೆಯಿಂದ ಏನೋ ಗೊಣಗಿದಾಗ ಇವರು ಹೊರಗಿನಿಂದ ಉತ್ತರ ಕೊಟ್ಟರಂತೆ. ಆಕೆ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತುಬಿಟ್ಟರಂತೆ. “ಇಷ್ಟ ದಿನ ನನಗ ಎಷ್ಟ ಬೈದಾಳ ಅನ್ನೂದು ಈಗ ಗೊತ್ತಾತ್ರಿ” ಎಂದು ಹೇಳುವಾಗ ಸಾಹೇಬರ ಮುಖದಲ್ಲಿ ಹಬ್ಬವಿತ್ತು.

ಕಾರಿನಲ್ಲಿ ಈಗ ಯಾರಾದರೂ ಕೇಳಿದರೆ ಮಾತ್ರ ಹಾಡು. ಯಾರೂ ಕೇಳುವುದಿಲ್ಲ. ಇವತ್ತು ಬೆಳಿಗ್ಗೆ ಸಾಹೇಬರು, “ಸರ್, ಮನ್ಯಾಗೂ ಇವನ್ನ ಹಚ್ಚತೀರೇನ್ರಿ?” ಎಂದರು.

“ದಿನಾ ಹಚ್ಚತೇನಿ.”

“ಯಾರ ಕೇಳತಾರ?”

“ನಾನೊಬ್ಬನೇ ಇರತೇನಲ್ರಿ.”

ಅವರು ನನ್ನ ಕಡೆ ತಿರುಗಿದರು. “ಸಂಜೀಕ ನಮ್ಮ ಮನಿಗೆ ಬರ್ರಿ. ಚಾ ಕುಡದ ಹೋಗೀರಂತ. ಹಾಡ ತರಬ್ಯಾಡ್ರಿ.”

ಹೋಗಿದ್ದೆ. ಈಗಷ್ಟೇ ಬಂದು ಕೂತು ಇದನ್ನು ಬರೆಯುತ್ತಿದ್ದೇನೆ. ಹಸೀನಾ ವೈನಿ ತಮ್ಮ ತವರೂರಾದ ಮುಗದದ ಬಗ್ಗೆ ಒಂದು ತಾಸು ಮಾತಾಡಿದರು. ಕೆರೆ ತುಂಬಿದ್ದು, ಅಣ್ಣನ ಎಮ್ಮೆ ಪಕ್ಕದವರ ಭತ್ತಕ್ಕೆ ಹೊಕ್ಕಿದ್ದು, ಅದರಿಂದ ಎರಡು ಮನೆಗೆ ಮಾತು ನಿಂತಿದ್ದು, ಒಂದು ಮದುವೆಯಲ್ಲಿ ಪಂಕ್ತಿ ತಪ್ಪಿ ಎದುರುಬದುರು ಕೂತು ಮತ್ತೆ ಮಾತು ಸುರುವಾದದ್ದು. ನಾನು ನಡುವೆ ಬಾಯಿ ಹಾಕಲಿಲ್ಲ. ಎಮ್ಮೆಯ ಹೆಸರೇನು ಎಂದು ನೀವು ಕೇಳಿದರೆ ಅದನ್ನೂ ಹೇಳಬಲ್ಲೆ.